ಹೆದರಬೇಕಾದ ರಕ್ತ ಯಾವುದು?

ಮಧುಗಿರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

"ಮಗಳಿಗೆ 19 ವರ್ಷ. ತುಮಕೂರಿನ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ, ಕಬಡ್ಡಿ ಆಡುತ್ತಾಳೆ. ಈಗ ಮುಟ್ಟಿಗೆ ಪ್ಯಾಡ್ ಬೇಡ, ರಕ್ತ ಹಿಡಿಯಲು ಯೋನಿಯೊಳಗೆ ಇಟ್ಟುಕೊಳ್ಳುವ ಮುಟ್ಟಿನ ಕಪ್ ತಗೋತೀನಿ ಅಂತಿದ್ದಾಳೆ. ನಮ್ಮ ವಾರಗಿತ್ತಿ ಹೆದರಿಸಿದ್ದಾರೆ. ಆಟದಲ್ಲೇ ಅರ್ಧ ಹೋಗಿರುತ್ತೆ, ಕಪ್ ಹಾಕಿದರೆ ಕನ್ಯಾಪೊರೆ ಪೂರ್ತಿ ಹರಿಯುತ್ತೆ, ಮೊದಲ ರಾತ್ರಿ ರಕ್ತ ಬರದಿದ್ದರೆ ಗಂಡಿನ ಕಡೆಯವರಿಗೆ ಏನು ಹೇಳ್ತೀಯ ಅಂತ. ಮಗಳಿಗೆ ಮುಟ್ಟು ಒಂಬತ್ತು ದಿನ ಹೋಗುತ್ತೆ. ಕೆಟ್ಟ ರಕ್ತ, ಹೋಗಲಿ ಬಿಡು ಅಂತಾರೆ. ಅತ್ತೆಗೂ ಮುಟ್ಟು ನಿಂತು ಆರು ವರ್ಷವಾದ ಮೇಲೆ ಈಚೆಗೆ ಎರಡು ಸಲ ಕಾಣಿಸಿಕೊಂಡಿದೆ. ಮೂರು ದಿನ ಹೊರಗೆ ಕೂತು, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರು. ಉಷ್ಣ ಇರಬೇಕು. ಮಗಳ ವಿಷಯಕ್ಕೆ ದಯವಿಟ್ಟು ಉತ್ತರ ಕೊಡಿ."

ಪ್ರೀತಿಯ ಸೋದರಿ,

ನೀವು ಕೇಳಿದ್ದು ಮಗಳ ಬಗ್ಗೆ. ಆದರೆ ನಾನು ಅತ್ತೆಯವರಿಂದ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ಒಂದು ವಾರವೂ ತಡಮಾಡಬಾರದ ವಿಷಯ ಅದು.

ಒಂದು ವರ್ಷ ಪೂರ್ತಿ ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಅಂತ ಲೆಕ್ಕ. ಆಮೇಲೆ ಬಟ್ಟೆಗೆ ಒಂದು ಕಲೆ ಅಂಟಿದರೂ ಡಾಕ್ಟರಿಗೆ ತೋರಿಸಬೇಕು. ಅತ್ತೆಯವರು ಅದನ್ನು ಮುಟ್ಟು ಎಂದುಕೊಂಡು ಹೊರಗೆ ಕೂತರಲ್ಲ, ಅದನ್ನು ಓದಿ ನನಗೆ ತುಂಬಾ ಸಂಕಟವಾಯಿತು. ಆಸ್ಪತ್ರೆಗೆ ಹೋಗಬೇಕಾದ ಮೂರು ದಿನ ಅವು. ಹೆದರಿ ಕೂರಬೇಡಿ, ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ. ವಯಸ್ಸಾದಂತೆ ಯೋನಿಯ, ಗರ್ಭಕೋಶದ ಒಳಪದರ ತೆಳುವಾಗಿ ರಕ್ತ ಬರಬಹುದು, ಪಾಲಿಪ್ ಎನ್ನುವ ಸಣ್ಣ ಗಂಟು ಇರಬಹುದು. ಆದರೆ ಹೀಗೆ ರಕ್ತ ಕಂಡ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಕೂಡ ಹೀಗೆ ಕಾಣಿಸಿಕೊಳ್ಳಬಹುದು. ಬೇಗ ಗೊತ್ತಾದರೆ ಗುಣವಾಗುವ ಕಾಯಿಲೆಗಳು ಇವು. ಸಬ್ಬಕ್ಕಿ ಗಂಜಿ, ಮೆಂತ್ಯದ ನೀರು ಕುಡಿಯುತ್ತಾ ತಿಂಗಳು ಕಳೆದರೆ ಆ ಅವಕಾಶ ಕೈತಪ್ಪುತ್ತದೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಅನ್ನೋದನ್ನು ಅತ್ತೆಯವರಿಗೆ ಮೊದಲೇ ಹೇಳಿ. ಮಲಗಿಸಿ, ಸಣ್ಣ ಉಪಕರಣ ಇಟ್ಟು ಗರ್ಭಕೋಶದ ಬಾಯಿ ನೋಡುತ್ತಾರೆ. ಸ್ಕ್ಯಾನ್ ಮಾಡಿ ಒಳಪದರದ ದಪ್ಪ ಅಳೆಯುತ್ತಾರೆ. ಅದು 4 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ತುಮಕೂರಿನ ಜಿಲ್ಲಾಸ್ಪತ್ರೆಗೆ ಕರೆತನ್ನಿ. ಲೇಡಿ ಡಾಕ್ಟರ್ ಬೇಕು ಅಂತ ಕೇಳಿ. ನೀವೂ ಜೊತೆಗೆ ಒಳಗೆ ಹೋಗಿ. ಹೆಚ್ಚಿನ ಅತ್ತೆಯಂದಿರು ಬಾಯಿ ಬಿಡದೇ ಇರೋದು ನಾಚಿಕೆಗೆ. ಸೊಸೆ ಪಕ್ಕದಲ್ಲಿದ್ದರೆ ಮಾತು ಸುಲಭವಾಗಿ ಬರುತ್ತೆ.

ಈಗ ಮಗಳು. ಅವಳಿಗೂ ಮೊದಲು ನೋಡಬೇಕಾದದ್ದು ಆ ಒಂಬತ್ತು ದಿನ. ಮುಟ್ಟಿನಲ್ಲಿ ಹೋಗುವುದು ಕೆಟ್ಟ ರಕ್ತ ಅನ್ನೋದು ನಮ್ಮ ಮನೆಗಳಲ್ಲಿ ಎಷ್ಟು ಬೇರೂರಿದೆ ಎಂದರೆ, ಹುಡುಗಿ ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೂ ಯಾರಿಗೂ ಅನುಮಾನ ಬರಲ್ಲ. ಕೈ ಕುಯ್ದುಕೊಂಡರೆ ಬರುವ ರಕ್ತವೇ ಇದೂ. ಗರ್ಭ ನಿಲ್ಲಲಿ ಅಂತ ಗರ್ಭಕೋಶ ಪ್ರತಿ ತಿಂಗಳೂ ಒಳಗೆ ಒಂದು ಪದರ ಬೆಳೆಸುತ್ತದೆ. ಗರ್ಭ ನಿಲ್ಲದಿದ್ದಾಗ ಆ ಪದರ ಕಳಚಿ ರಕ್ತದ ಜೊತೆ ಹೊರಗೆ ಬರುತ್ತದೆ. ಅದರಲ್ಲಿ ವಿಷವಿಲ್ಲ, ಕೊಳೆಯಿಲ್ಲ. ಹೆಚ್ಚು ಹೋದಷ್ಟೂ ಮೈಯ ಕಬ್ಬಿಣಾಂಶ ಕರಗುತ್ತದೆ.

ಎರಡರಿಂದ ಏಳು ದಿನ ಸಹಜ. ಏಳು ದಿನ ದಾಟಿದರೆ, ಗಂಟೆಗೋ ಎರಡು ಗಂಟೆಗೋ ಪ್ಯಾಡ್ ತೋಯ್ದು ಬದಲಾಯಿಸಬೇಕಾದರೆ, ರಾತ್ರಿ ಎದ್ದು ಹಾಸಿಗೆ ಒಗೆಯುವಂತಾದರೆ, ದೊಡ್ಡ ದೊಡ್ಡ ಗಡ್ಡೆ ಬಿದ್ದರೆ ಅದು ಅತಿಸ್ರಾವ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ನಿಮ್ಮ ಮಗಳು ಕಬಡ್ಡಿ ಆಡುವವಳು ಬೇರೆ. ಹಿಮೋಗ್ಲೋಬಿನ್ ಮಾಡಿಸಿ. 12ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಶುರುವಾಗಬೇಕು. ಮಾತ್ರೆ ನುಂಗಿದ ತಕ್ಷಣ ಕಾಫಿ, ಟೀ ಕುಡಿಯಬಾರದು. ಕಬ್ಬಿಣ ಮೈಗೆ ಹಿಡಿಯಲ್ಲ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ಮೊದಲ ಮುಟ್ಟಿನಿಂದಲೇ ಹೀಗಿದ್ದರೆ ಅದನ್ನು ಮರೆಯದೆ ಹೇಳಿ, ರಕ್ತ ಹೆಪ್ಪುಗಟ್ಟುವುದರಲ್ಲೇ ತೊಂದರೆ ಇರುವ ಹುಡುಗಿಯರೂ ಇರುತ್ತಾರೆ.

ವಾರಗಿತ್ತಿಯವರ ಮಾತಿಗೆ ಬರೋಣ. ಒಂದು ಪ್ರಶ್ನೆ ಅವರನ್ನೇ ಕೇಳಿ. ಆ ಪೊರೆ ದಾರಿಯನ್ನು ಪೂರ್ತಿ ಮುಚ್ಚಿದ್ದರೆ ಇಷ್ಟು ವರ್ಷ ಮುಟ್ಟಿನ ರಕ್ತ ಹೊರಗೆ ಬಂದದ್ದು ಎಲ್ಲಿಂದ? ಅದು ಯೋನಿಯ ಬಾಯಲ್ಲಿ ಸುತ್ತಲೂ ಇರುವ ತೆಳು ಚರ್ಮದ ಮಡಿಕೆ. ನಡುವೆ ದಾರಿ ಹುಟ್ಟಿನಿಂದಲೇ ಇರುತ್ತದೆ. ಕೆಲವರಿಗೆ ಉಂಗುರದ ಆಕಾರ, ಕೆಲವರಿಗೆ ಅರ್ಧಚಂದ್ರ, ಕೆಲವರಿಗೆ ಇದ್ದೂ ಇಲ್ಲದ ಹಾಗೆ. ಮೈನೆರೆಯುವ ಹೊತ್ತಿಗೆ ಹಾರ್ಮೋನ್‌ನಿಂದಾಗಿ ಅದು ಮೆತ್ತಗಾಗಿ, ಎಳೆದರೆ ಹಿಗ್ಗುವಂತಾಗುತ್ತದೆ. ಅದಕ್ಕೇ ಎಷ್ಟೋ ಹೆಂಗಸರಿಗೆ ಮೊದಲ ಸಲ ಒಂದು ಹನಿಯೂ ಬರುವುದಿಲ್ಲ. ಬರುವವರಿಗೂ ಭಯ, ಅವಸರ, ಒಣಗಿದ ಮೈ ಕಾರಣವಾಗಿ ಸಣ್ಣ ಗಾಯವಾಗಿ ಬಂದಿರಬಹುದು. ಹೆಣ್ಣಿಗೆ ನೋವಾಗಿದೆ ಅನ್ನೋದಕ್ಕೆ ಆ ರಕ್ತ ಸಾಕ್ಷಿ, ಅವಳ ನಡತೆಗಲ್ಲ.

ನಿಜವಾಗಿಯೂ ಪೂರ್ತಿ ಮುಚ್ಚಿರುವ ಹುಡುಗಿಯರು ಸಾವಿರದಲ್ಲೋ ಎರಡು ಸಾವಿರದಲ್ಲೋ ಒಬ್ಬರು. ಅವರಿಗೆ ಮುಟ್ಟು ಕಾಣುವುದೇ ಇಲ್ಲ, ತಿಂಗಳು ತಿಂಗಳೂ ಹೊಟ್ಟೆನೋವು ಮಾತ್ರ. ಒಂದು ಸಣ್ಣ ಆಪರೇಷನ್‌ನಲ್ಲಿ ಸರಿಹೋಗುತ್ತದೆ. 15 ತುಂಬಿದರೂ ದೊಡ್ಡವಳಾಗದ ಹುಡುಗಿ ನಿಮ್ಮ ಬಂಧುಬಳಗದಲ್ಲಿದ್ದರೆ ಆರತಿಗೆ ಕಾಯುತ್ತಾ ಕೂರದೆ ಡಾಕ್ಟರಿಗೆ ತೋರಿಸಲು ಹೇಳಿ.

ಪೊರೆ ನೋಡಿ ಹೆಣ್ಣಿಗೆ ಸಂಪರ್ಕ ಆಗಿದೆಯೋ ಇಲ್ಲವೋ ಅಂತ ಯಾವ ಡಾಕ್ಟರೂ ಹೇಳಲಾಗದು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇಂಥ ಪರೀಕ್ಷೆಗೆ ವಿಜ್ಞಾನದ ಆಧಾರವಿಲ್ಲ, ನಿಲ್ಲಿಸಿ ಎಂದು ಎಲ್ಲ ದೇಶಗಳಿಗೂ ಹೇಳಿತು. ಅತ್ಯಾಚಾರಕ್ಕೊಳಗಾದವರಿಗೆ ಮಾಡುತ್ತಿದ್ದ, ಯೋನಿಯೊಳಗೆ ಬೆರಳಿಟ್ಟು ನೋಡುವ 'ಎರಡು ಬೆರಳಿನ ಪರೀಕ್ಷೆ' ಅವರ ಖಾಸಗಿತನಕ್ಕೆ ಧಕ್ಕೆ ಎಂದು ನಮ್ಮ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್‌ನಲ್ಲಿ ಮತ್ತೆ ಹೇಳಿತು. ಕೋರ್ಟೇ ಒಪ್ಪದ ಪರೀಕ್ಷೆಯನ್ನು ಬೆಳಗ್ಗೆ ಎದ್ದು ಹಾಸಿಗೆಯ ಮೇಲೆ ಹುಡುಕುವ ಮನೆಗೆ ಮಗಳನ್ನು ಕೊಡಬೇಕಾ ಅಂತ ನೀವೇ ಯೋಚಿಸಿ. ನನ್ನನ್ನು ಕೇಳಿದರೆ ಬೇಡ.

ಕಬಡ್ಡಿ ಬಿಡಿಸಬೇಡಿ. ಕಪ್ ಹಾಕುವಾಗ ಆ ಮಡಿಕೆ ಹಿಗ್ಗಬಹುದು, ಸ್ವಲ್ಪ ಸೀಳಲೂಬಹುದು. ಅದರಿಂದ ಆರೋಗ್ಯಕ್ಕಾಗಲಿ ಮದುವೆಗಾಗಲಿ ತೊಂದರೆಯಿಲ್ಲ. ದಕ್ಷಿಣ ಕನ್ನಡ, ಚಾಮರಾಜನಗರದ ಹುಡುಗಿಯರಿಗೆ ಸರ್ಕಾರವೇ ಕಪ್ ಹಂಚಿದೆ. ಸಣ್ಣ ಅಳತೆಯದು ತಗೊಳ್ಳಲಿ. ಕೈ ತೊಳೆದು ಹಾಕಿಕೊಳ್ಳಲಿ, ಹೋಗದಿದ್ದರೆ ಬಲವಂತ ಬೇಡ. ಹನ್ನೆರಡು ಗಂಟೆಗಿಂತ ಹೆಚ್ಚು ಒಳಗೆ ಬಿಡಬಾರದು, ಮುಟ್ಟು ಮುಗಿದ ಮೇಲೆ ಕುದಿಯುವ ನೀರಿನಲ್ಲಿ ಐದು ನಿಮಿಷ ಹಾಕಿಡಬೇಕು. ಕೆಲವು ಕಪ್‌ಗಳ ಮೈಮೇಲೆ ಮಿಲಿಲೀಟರ್ ಗೆರೆಗಳಿರುತ್ತವೆ. ಅಂಥದ್ದೇ ಕೊಡಿಸಿ. ಒಂದು ಮುಟ್ಟಿಗೆ 80 ಮಿಲಿಲೀಟರ್ ರಕ್ತ ದಾಟಿದರೆ ಜಾಸ್ತಿ ಅಂತ ಲೆಕ್ಕ. ಪ್ರತಿ ಸಲ ಚೆಲ್ಲುವಾಗ ಎಷ್ಟಿತ್ತು ಅಂತ ಬರೆದಿಟ್ಟರೆ, ಒಂಬತ್ತು ದಿನದಲ್ಲಿ ಸುಮಾರು ಎಷ್ಟು ಹೋಗುತ್ತಿದೆ ಅನ್ನೋದನ್ನು ಅವಳೇ ಡಾಕ್ಟರಿಗೆ ತೋರಿಸಬಹುದು.

- ಸಂಪಾದಕಿ