ಮುಳುಗಡೆಯವರು, ಸಂತ್ರಸ್ತರು ಮತ್ತು ಹೆಸರಿಲ್ಲದ ಹೊಳೆಯಾಚೆಯವರು

‘ಮುಳುಗಡೆಯವರು’ ಎನ್ನುವುದು ಒಂದು ಜಾತಿಯೋ ಪಂಗಡವೋ ಎಂದು ಕೇಳಿದ್ದೀರಿ. ಎರಡೂ ಅಲ್ಲ. ಶರಾವತಿಯ ಹಿನ್ನೀರು ಏರಿದಾಗ ಸಾಗರ, ಹೊಸನಗರ ಸೀಮೆಯಲ್ಲಿ ಗದ್ದೆ, ತೋಟ, ಮನೆ, ದೇವರಬನ ಎಲ್ಲವನ್ನೂ ಬಿಟ್ಟು ಎದ್ದುಬಂದವರೂ ಅವರ ಮಕ್ಕಳು ಮೊಮ್ಮಕ್ಕಳೂ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. ಅವರಲ್ಲಿ ದೀವರೂ ಇದ್ದಾರೆ, ಹವ್ಯಕರೂ ಇದ್ದಾರೆ, ಹಸಲರೂ ಇದ್ದಾರೆ. ಸಂಬಂಧದ ಮಾತು ಬಂದಾಗ ‘ಹುಡುಗನ ಮನೆಯವರು ಮೂಲತಃ ಎಲ್ಲಿಯವರು?’ ಎಂದು ಕೇಳಿದರೆ, ‘ಮುಳುಗಡೆಯವರು, ಈಗ ಶಿವಮೊಗ್ಗದ ಹತ್ತಿರ ಇದ್ದಾರೆ’ ಎಂಬ ಉತ್ತರ ಇಂದಿಗೂ ಬರುತ್ತದೆ. ಊರೇ ಇಲ್ಲದ ಮೇಲೆ ಊರಿನ ಹೆಸರು ಹೇಳುವ ಜಾಗದಲ್ಲಿ ಈ ಮಾತು ಬಂದು ಕೂತಿದೆ.

ಮೊದಲು ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಶುರುವಾದದ್ದು ಅದರ ನೀರಿನಿಂದ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು, ಅದರ ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದರ ಗೋಡೆ ಮೇಲೆ ಕಾಣಿಸುತ್ತದೆ, ಜನ ನೋಡಲು ಹೋಗುತ್ತಾರೆ. ಈ ಎರಡನ್ನೂ ಕಂಡ ಹಿರಿಯರು ‘ನಮ್ಮ ಊರನ್ನು ಮುಳುಗಿಸಿದರು’ ಎಂದು ಹೇಳಿದ್ದು ಬಹಳ ಕಡಿಮೆ. ಅವರ ಬಾಯಲ್ಲಿ ಬರುತ್ತಿದ್ದುದು ‘ಮುಳುಗಡೆ ಆತು’. ಮಳೆ ಬಂತು, ಬರ ಬಂತು ಎಂದಂತೆ, ಕರ್ತೃವೇ ಇಲ್ಲದ ಮಾತು. ಇದನ್ನು ಮುಗ್ಧತೆ ಎಂದು ಓದುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಮ್ಮ ಮೇಲೆ ಹಗೆಯಿಂದ ಯಾರೂ ಅಣೆಕಟ್ಟು ಕಟ್ಟಲಿಲ್ಲ, ನಾಡಿಗೆ ಕರೆಂಟು ಬೇಕಿತ್ತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹಗೆಯಿಲ್ಲದೆ ಆದ ಹಾನಿಗೆ ಯಾರ ಹೆಸರು ಹಿಡಿದು ಜಗಳಕ್ಕೆ ನಿಲ್ಲಬೇಕು ಎಂಬುದಕ್ಕೆ ಅವರ ಹತ್ತಿರ ಉತ್ತರವಿರಲಿಲ್ಲ.

ಮಲೆನಾಡಿನಲ್ಲಿ ಈ ಬಗೆಯ ಮಾತು ಅಣೆಕಟ್ಟಿಗೆ ಮಾತ್ರ ಮೀಸಲಲ್ಲ. ಗದ್ದೆಗೆ ಬೀಳುವ ಹಂದಿಯನ್ನು ಕಾಯಲು ಕೋವಿ ಹಿಡಿದು ಕೂತವನ ಈಡು ಕತ್ತಲಲ್ಲಿ ಮನುಷ್ಯನಿಗೆ ತಗುಲಿದರೆ ಊರಿನವರು ‘ಕೈತಪ್ಪಿ ಆತು’ ಎನ್ನುತ್ತಾರೆ. ಕೈ ತಾನಾಗಿ ತಪ್ಪಿತು, ಹೊಡೆದವನು ಹಿಂದೆ ಸರಿದು ನಿಂತ. ಕಾನೂನು ಹಾಗೆ ಸರಿಯಗೊಡುವುದಿಲ್ಲ. ಹಿಂದಿನ ದಂಡ ಸಂಹಿತೆಯ 304ಎ, ಈಗಿನ ನ್ಯಾಯ ಸಂಹಿತೆಯ 106ನೆಯ ಕಲಮು, ನಿರ್ಲಕ್ಷ್ಯದಿಂದ ಸಾವು ತಂದವನನ್ನು ಹೆಸರು ಹಿಡಿದು ಕೇಳುತ್ತದೆ. ಒಬ್ಬ ಮನುಷ್ಯನ ಕೈತಪ್ಪಿಗೆ ಕಲಮು ಇದೆ. ಒಂದು ಯೋಜನೆಯ ಕೈತಪ್ಪಿಗೆ ಇರುವುದು ಪರಿಹಾರದ ಕಡತ ಮಾತ್ರ.

ಆ ಕಡತದ ಮಾತು ‘ಸಂತ್ರಸ್ತ’. ಸಂಸ್ಕೃತದಲ್ಲಿ ಇದರ ಅರ್ಥ ಬೆದರಿದವನು. ನಮ್ಮ ಕಚೇರಿಗಳಲ್ಲಿ ಪರಿಹಾರಕ್ಕೆ ಅರ್ಹನಾದವನು. ಬೆದರಿದವರೆಲ್ಲ ಅರ್ಹರಾಗಲಿಲ್ಲ ಎಂಬುದೇ ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ. ಜಮೀನು ಮುಳುಗಿದರೆ ಸಂತ್ರಸ್ತ, ಮುಳುಗದಿದ್ದರೆ ಅಲ್ಲ. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಆ ಗೆರೆಗಿಂತ ಮೇಲೆ ಗದ್ದೆ ಮನೆ ಉಳಿದ ಕರೂರು, ಭಾರಂಗಿ ಹೋಬಳಿಗಳ ಎಷ್ಟೋ ಊರುಗಳ ಜನರು ಕಾಗದದ ಪ್ರಕಾರ ಏನನ್ನೂ ಕಳೆದುಕೊಂಡಿರಲಿಲ್ಲ. ಅವರ ಪಾಲಿಗೆ ಮುಳುಗಿದ್ದು ದಾರಿ. ಸಾಗರದ ಸಂತೆ, ಆಸ್ಪತ್ರೆ, ಕಾಲೇಜು, ತಾಲ್ಲೂಕು ಕಚೇರಿ ಎಲ್ಲವೂ ನೀರಿನ ಆಚೆಗೆ ಹೋದವು. ಹಿನ್ನೀರು ದಾಟಿಸುವ ಕೊನೆಯ ಲಾಂಚು ಹೋದ ಮೇಲೆ ಅದೇ ಸೀಮೆಯ ತುಮರಿ ಕಡೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೆ ಘಟ್ಟದ ದಾರಿಯಲ್ಲಿ ಸುತ್ತಿ ಹೋಗಬೇಕಿತ್ತು, ಇಲ್ಲವೇ ಬೆಳಗಿನವರೆಗೆ ಕಾಯಬೇಕಿತ್ತು. ಮಳೆ ತಡವಾದ ವರ್ಷ ನೀರು ಇಳಿದು, ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಹೀಗೆ ಕಷ್ಟಪಟ್ಟವರಿಗೆ ಸರ್ಕಾರಿ ಕನ್ನಡದಲ್ಲಿ ಹೆಸರೇ ಹುಟ್ಟಲಿಲ್ಲ. ಪತ್ರಿಕೆಗಳು ‘ದ್ವೀಪದ ಜನ’ ಎಂದು ಬರೆದವು, ನಾವು ಹೊಳೆಯಾಚೆಯವರು ಎಂದೆವು. ಎರಡೂ ಜಾಗ ತೋರಿಸುವ ಮಾತುಗಳೇ ಹೊರತು ಹಾನಿಯನ್ನು ಹೇಳುವ ಮಾತುಗಳಲ್ಲ. ಹೆಸರಿಲ್ಲದ್ದಕ್ಕೆ ಅರ್ಜಿ ಬರೆಯುವುದು ಹೇಗೆ? ಬರೆದರು, ದಶಕಗಳ ಕಾಲ ಬರೆದರು. ಆದರೆ ಅದು ‘ಸೇತುವೆಯ ಬೇಡಿಕೆ’ ಎಂದು ದಾಖಲಾಯಿತು. ಕಳೆದುಕೊಂಡದ್ದನ್ನು ಮರಳಿ ಕೇಳಿದವರು ಹೊಸದನ್ನು ಬೇಡುವವರಂತೆ ಕಂಡರು.

ಹೆಸರು ಪಡೆದವರ ಪಾಡೂ ಸರಳವಾಗಿಲ್ಲ. ಸಂತ್ರಸ್ತರನ್ನು ಅಂದು ಸರ್ಕಾರವೇ ಜಿಲ್ಲೆಯ ಬೇರೆ ಬೇರೆ ಕಡೆ ಕಾಡು ಕಡಿಸಿ ಕೂರಿಸಿತು, ಆದರೆ ಆ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಟ್ಟುಕೊಡಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಒಪ್ಪಿಗೆಯಿಲ್ಲದೆ ಆ ನೆಲವನ್ನು ಅರಣ್ಯದಿಂದ ಕೈಬಿಟ್ಟು ರಾಜ್ಯ ಹೊರಡಿಸಿದ್ದ ಆದೇಶದ ಪ್ರಕರಣ ಹೈಕೋರ್ಟಿಗೆ ಹೋಗಿ, 2021ರಲ್ಲಿ ಆ ಆದೇಶವೇ ಬಿದ್ದುಹೋಯಿತು. ಹಾಗಾಗಿ ಒಬ್ಬನೇ ಮನುಷ್ಯ ಕಂದಾಯ ಇಲಾಖೆಯ ಮೇಜಿನ ಮುಂದೆ ಸಂತ್ರಸ್ತ, ಅರಣ್ಯ ಇಲಾಖೆಯ ಮೇಜಿನ ಮುಂದೆ ಒತ್ತುವರಿದಾರ. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆಯನ್ನು ಇಲ್ಲಿಯವರು ಹೇಳುವುದು ಬಹುಪಾಲು ಈ ಎರಡು ಇಲಾಖೆಗಳ ಸಂದರ್ಭದಲ್ಲೇ. ಇಲ್ಲಿ ಕಾಡಿನ ಕಾನೂನು ತಪ್ಪೆಂದು ನಾನು ಹೇಳಲಾರೆ; ಅದು ಇಲ್ಲದಿದ್ದರೆ ಘಟ್ಟದಲ್ಲಿ ಮರ ಉಳಿಯುತ್ತಿರಲಿಲ್ಲ. ಕಾನೂನು ಮಾಡಿದವರ ಮನಸ್ಸಿನಲ್ಲಿ ಈ ಜನ ಇರಲಿಲ್ಲ ಅಷ್ಟೇ, ಅಣೆಕಟ್ಟಿನ ನಕ್ಷೆ ಬರೆದವರ ಮನಸ್ಸಿನಲ್ಲಿ ಹೊಳೆಯಾಚೆಯವರು ಇರದಿದ್ದ ಹಾಗೆ.

ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ತೆರೆಯಿತು. ನೀವು ಸಿಗಂದೂರಿಗೆ ಬರುವುದಾದರೆ ಇನ್ನು ಲಾಂಚಿಗೆ ಸಾಲು ನಿಲ್ಲಬೇಕಾಗಿಲ್ಲ. ಅಲ್ಲಿ ಯಾರನ್ನಾದರೂ ಮಾತನಾಡಿಸುವಾಗ ‘ನೀವು ಸಂತ್ರಸ್ತರಾ?’ ಎಂದು ಕೇಳಬೇಡಿ. ಸರ್ವೆಗೆ ಬಂದವರೆಂದುಕೊಂಡು ಕಾಗದಪತ್ರ ತೆಗೆದು ಮುಂದಿಡುತ್ತಾರೆ. ‘ನಿಮ್ಮದು ಮುಳುಗಡೆಯಾ?’ ಎಂದರೆ ಸಾಕು. ‘ನಮ್ದು ಮುಳುಗಿಲ್ಲ, ದಾರಿ ಮುಳುಗಿತ್ತು’ ಎಂದವರು ಸಿಕ್ಕರೆ ಸ್ವಲ್ಪ ಹೊತ್ತು ಕೂತು ಕೇಳಿಸಿಕೊಳ್ಳಿ, ಏಕೆಂದರೆ ಅವರ ಕಥೆ ಯಾವ ಪುನರ್ವಸತಿ ಕಡತದಲ್ಲೂ ನಿಮಗೆ ಸಿಗುವುದಿಲ್ಲ.