ಅರ್ಧ ಆಸ್ತಿಯೋ, ನೂರಕ್ಕೆ ಎರಡೋ?

ನಮಸ್ಕಾರ.

"ಆಗರ್ಭ ಶ್ರೀಮಂತರ ಆಸ್ತಿಯಲ್ಲಿ ಅರ್ಧ ತಗೊಂಡರೆ ಶಾಲೆ, ಆಸ್ಪತ್ರೆ ಎಲ್ಲ ನಡೆಸಬಹುದಲ್ವಾ? ಸರ್ಕಾರಗಳು ಯಾಕೆ ಮೀನಮೇಷ ಎಣಿಸುತ್ತವೆ?" ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ನನ್ನದೂ ಹೌದು. ಆದರೆ ಆ 'ಅರ್ಧ' ನನಗೆ ಒಪ್ಪಿಗೆಯಿಲ್ಲ.

ಮೊದಲು ಸಿಟ್ಟಿನ ವಿಷಯ. ಸಂಬಳದವರ ತೆರಿಗೆ ದುಡ್ಡು ಕೈಗೆ ಬರುವ ಮೊದಲೇ ಮುರಿದುಹೋಗುತ್ತದೆ. ಒಂದು ಸೋಪು ಕೊಂಡರೆ ಕೂಲಿಯವನೂ ಕಂಪನಿಯ ಒಡೆಯನೂ ಕಟ್ಟುವ ತೆರಿಗೆ ಒಂದೇ. ಹೊರೆ ಮಾತ್ರ ಒಂದೇ ಅಲ್ಲ. ಇನ್ನು ಆ ಒಡೆಯನ ಷೇರಿನ ಬೆಲೆ ವರ್ಷದೊಳಗೆ ಎರಡರಷ್ಟಾಯಿತು ಅನ್ನಿ. ಮಾರುವ ತನಕ ಬಹುತೇಕ ದೇಶಗಳಲ್ಲಿ ಅದಕ್ಕೆ ತೆರಿಗೆಯಿಲ್ಲ. ಖರ್ಚಿಗೆ ಬೇಕಾದರೆ ಅದೇ ಷೇರನ್ನು ಅಡವಿಟ್ಟು ಸಾಲ ತೆಗೆಯುತ್ತಾನೆ. ಸಾಲ ಆದಾಯವಲ್ಲ, ಅದಕ್ಕೂ ತೆರಿಗೆಯಿಲ್ಲ. ಎಲ್ಲವೂ ಕಾನೂನಿನ ಒಳಗೇ! ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಆದರೆ ಆಸ್ತಿ ಅಂದರೆ ಬೀರುವಿನಲ್ಲಿಟ್ಟ ನೋಟಿನ ಕಂತೆಯಲ್ಲ. ಜಾಸ್ತಿ ಪಾಲು ಷೇರು, ಜಮೀನು, ಕಾರ್ಖಾನೆ. ಅರ್ಧಕ್ಕರ್ಧ ಒಟ್ಟಿಗೇ ಮಾರಾಟಕ್ಕೆ ಬಂದರೆ ಕೊಳ್ಳುವವರು ಯಾರು? ಬೆಲೆ ಕುಸಿಯುತ್ತದೆ. ಸಿಕ್ಕಿದ ದುಡ್ಡೂ ಒಂದೇ ಸಲದ್ದು. ಅದರಲ್ಲಿ ಆಸ್ಪತ್ರೆ ಕಟ್ಟಬಹುದು, ಸರಿ. ನರ್ಸ್‌ಗೆ ಮಾತ್ರ ತಿಂಗಳು ತಿಂಗಳು ಸಂಬಳ ಕೊಡಬೇಕಲ್ಲ. ರಾತ್ರಿ ಪಾಳಿಗೆ ಜನ ಇಲ್ಲ ಅಂತ ಹೊಸ ವಾರ್ಡಿಗೆ ಬೀಗ ಬಿದ್ದರೆ ರೋಗಿಗೆ ಏನು ಸಿಕ್ಕಿತು?

ಹಾಗಾಗಿ ಸಣ್ಣ ತೆರಿಗೆ, ಆದರೆ ಪ್ರತಿ ವರ್ಷ ಅನ್ನುವುದು ನನ್ನ ವಾದ. ಇದನ್ನೂ ಹಲವರು ಮಾಡಿ ಕೈಬಿಟ್ಟಿದ್ದಾರೆ ನಿಜ. 1990ರಲ್ಲಿ ಶ್ರೀಮಂತ ದೇಶಗಳೇ ಹೆಚ್ಚಿರುವ ಒಇಸಿಡಿ ಕೂಟದ 12 ದೇಶಗಳಲ್ಲಿ ಸಂಪತ್ತಿನ ತೆರಿಗೆ ಇತ್ತು, 2017ಕ್ಕೆ ಉಳಿದದ್ದು 4. ಸ್ವೀಡನ್ 2007ರಲ್ಲಿ ತೆಗೆದುಹಾಕಿತು. ವಿನಾಯಿತಿಗಳು ತುಂಬಾ ಇದ್ದವು, ದೊಡ್ಡವರು ದುಡ್ಡನ್ನು ಗಡಿ ದಾಟಿಸಿದರು, ಮಧ್ಯಮ ವರ್ಗದವರು ಸಿಕ್ಕಿಬಿದ್ದರು. 2024ರಲ್ಲಿ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಝುಕ್‌ಮನ್ ಜಿ-20 ಮುಂದಿಟ್ಟ ಲೆಕ್ಕ ಬೇರೆ. ಜಗತ್ತಿನ ಸುಮಾರು 3,000 ಮಂದಿ, ಅಂದರೆ 100 ಕೋಟಿ ಡಾಲರ್ ದಾಟಿದವರು ಮಾತ್ರ. ಅವರು ಕಟ್ಟುವ ತೆರಿಗೆ ವರ್ಷಕ್ಕೆ ಆಸ್ತಿಯ ಶೇ. 2ಕ್ಕಿಂತ ಕಡಿಮೆ ಇರಬಾರದು. ಅದರಿಂದ ವರ್ಷಕ್ಕೆ ಬರುವುದು 20,000ದಿಂದ 25,000 ಕೋಟಿ ಡಾಲರ್. ದೇಶಗಳು ಒಟ್ಟಾಗದೆ ಇದು ಪೂರ್ತಿ ಫಲ ಕೊಡದು. ಒಟ್ಟಾಗುವುದು ಕನಸೂ ಅಲ್ಲ. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಕನಿಷ್ಠ ಶೇ. 15 ತೆರಿಗೆ ಇರಲಿ ಎಂದು 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಒಪ್ಪಿದ್ದವು.

ಇಷ್ಟು ಬಂದರೂ ಎಲ್ಲಕ್ಕೂ ಸಾಲದು. ಸೇತುವೆಗೆ ಹಾಕಿದ್ದು ಶಾಲೆಗೆ ಇರುವುದಿಲ್ಲ. ನನ್ನ ಕೈಯಲ್ಲಿದ್ದರೆ ಹೊಸ ಕಟ್ಟಡ ನಿಲ್ಲಿಸಿ, ಮೊದಲು ಖಾಲಿ ಇರುವ ನರ್ಸ್, ಮೇಷ್ಟ್ರ ಹುದ್ದೆ ತುಂಬುತ್ತಿದ್ದೆ. ನೀವು ಯಾವುದನ್ನು ಮೊದಲು ಇಡುತ್ತೀರಿ? ಬರೆಯಿರಿ.

— ಸಂಪಾದಕ