ಮಳೆಯ ಊರಿಗೆ ಯಾವ ಕ್ಯಾಮೆರಾ, ಕಡಲ ದಂಡೆಗೆ ಯಾವ ಫೋನು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಉತ್ತರಕ್ಕೆ ಆರಿಸಿಕೊಂಡ ಪತ್ರಗಳೆಲ್ಲ ಉತ್ತರ ಕನ್ನಡ ಜಿಲ್ಲೆಯವು. ಬರೆದವರು ಘಟ್ಟದ ಮೇಲಿನವರಿರಲಿ, ಕೆಳಗಿನವರಿರಲಿ, ಅವರ ಸಮಸ್ಯೆಗಳಲ್ಲಿ ಹೆಚ್ಚಿನವು ನೀರು ಮತ್ತು ಬೆಳಕಿಗೆ ಸಂಬಂಧಪಟ್ಟವು. ಅಂಗಡಿಯಲ್ಲಿ ಮೊದಲು ಕೇಳಿಬರುವ ಮೆಗಾಪಿಕ್ಸೆಲ್ಲಿನ ಮಾತು ಇವುಗಳಲ್ಲಿ ಒಂದಕ್ಕೂ ಪರಿಹಾರವಲ್ಲ.

ಪ್ರಶ್ನೆ: ಮಕ್ಕಳೊಂದಿಗೆ ದೋಣಿಯಲ್ಲಿ ಕೂರ್ಮಗಡ ದ್ವೀಪಕ್ಕೆ ಹೋಗುವವರಿದ್ದೇವೆ. ಐಪಿ68 ಎಂದು ನಮೂದಿಸಿರುವ ಫೋನು ಕೊಂಡರೆ ಸಮುದ್ರದ ನೀರಿನಲ್ಲಿ ಮುಳುಗಿಸಿಯೂ ಚಿತ್ರ ತೆಗೆಯಬಹುದೇ? (ಓದುಗರೊಬ್ಬರು, ಕಾರವಾರ)

ಉತ್ತರ: ತೆಗೆಯಬೇಡಿ. ಐಪಿ68ರಲ್ಲಿ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಈ ಪರೀಕ್ಷೆ ನಡೆಯುವುದು ನಿಂತ ಸಿಹಿನೀರಿನಲ್ಲಿ, ಅದೂ ಎಷ್ಟು ಆಳ, ಎಷ್ಟು ಹೊತ್ತು ಎಂದು ತಯಾರಕರೇ ಘೋಷಿಸಿದ ಮಿತಿಯೊಳಗೆ. ಅದರಲ್ಲಿ ಉಪ್ಪಿನ ಲೆಕ್ಕವೂ ಇಲ್ಲ, ಅಲೆಯ ಹೊಡೆತದ ಲೆಕ್ಕವೂ ಇಲ್ಲ. ಜೊತೆಗೆ, ನೀರನ್ನು ತಡೆಯುವ ಒಳಗಿನ ಅಂಟು ಮತ್ತು ರಬ್ಬರು ವರ್ಷ ಕಳೆದಂತೆ ಸಡಿಲಗೊಳ್ಳುತ್ತವೆ; ಒಮ್ಮೆ ಪರದೆ ಬದಲಾಯಿಸಿದ ಫೋನಿನ ಮಟ್ಟಿಗಂತೂ ಆ ಅಂಕಿಯನ್ನು ನಂಬಲಾಗದು. ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಆದರೂ ಐಪಿ68 ವ್ಯರ್ಥವೆಂದು ನಾನು ಹೇಳುವುದಿಲ್ಲ. ಆಷಾಢದ ಮಳೆಯಲ್ಲಿ ಬೈಕಿನ ಮೇಲೆ ಓಡಾಡುವವರಿಗೆ ಅದು ನಿಜಕ್ಕೂ ಉಪಯುಕ್ತ. ದೋಣಿಗೆ ಮಾತ್ರ ದಾರವಿರುವ ಜಲನಿರೋಧಕ ಚೀಲವೊಂದನ್ನು ಕೊಳ್ಳಿ. ಫೋನು ಹಾಕುವ ಮೊದಲು ಅದರೊಳಗೆ ಒಂದು ಟಿಶ್ಯೂ ಕಾಗದವನ್ನಿಟ್ಟು ಬಾಯಿ ಬಿಗಿದು, ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ಒತ್ತಿಡಿ. ಕಾಗದದ ಒಂದು ಮೂಲೆ ಒದ್ದೆಯಾಗಿದ್ದರೂ ಆ ಚೀಲವನ್ನು ಬಳಸಬೇಡಿ. ಒಂದು ವೇಳೆ ಫೋನಿಗೆ ಉಪ್ಪುನೀರು ತಗುಲಿಯೇಬಿಟ್ಟರೆ, ಐಪಿ68 ಇರುವ ಫೋನನ್ನು ಸಿಹಿನೀರಿನಲ್ಲಿ ಹಗುರವಾಗಿ ತೊಳೆದು, ಒರೆಸಿ, ಚಾರ್ಜಿಂಗ್ ಕಿಂಡಿ ಕೆಳಮುಖವಾಗಿರುವಂತೆ ಗಾಳಿಯಾಡುವ ಕಡೆ ಇಡಬೇಕು. ಪೂರ್ತಿ ಒಣಗುವ ಮುನ್ನ ಚಾರ್ಜಿಗೆ ಹಾಕಿದರೆ ಕಿಂಡಿಯೊಳಗಿನ ಲೋಹದ ಪಟ್ಟಿಗಳು ಕಿಲುಬುಗಟ್ಟುತ್ತವೆ. ಅಕ್ಕಿ ಡಬ್ಬಿಯಲ್ಲಿ ಹೂಳುವ ರೂಢಿಯನ್ನು ಬಿಟ್ಟುಬಿಡಿ. ಅಕ್ಕಿಯ ಸಣ್ಣ ಕಣಗಳು ಫೋನನ್ನು ಕೆಡಿಸಬಹುದೆಂದು ಆಪಲ್ ಕಂಪನಿಯೇ ತನ್ನ ಬಳಕೆದಾರರಿಗೆ ಹೇಳಿದೆ.

ಪ್ರಶ್ನೆ: ನನಗೆ ಯಕ್ಷಗಾನದ ಚಿತ್ರ ತೆಗೆಯುವ ಹುಚ್ಚು. ನನ್ನ ಡಿಎಸ್‌ಎಲ್‌ಆರ್ ಕ್ಯಾಮೆರಾದ ಜೊತೆಗೇ ಬಂದ 18-55 ಲೆನ್ಸಿನಲ್ಲಿ ರಾತ್ರಿಯ ಆಟದ ಚಿತ್ರಗಳೆಲ್ಲ ಅಲುಗಿದಂತೆ ಬರುತ್ತವೆ. ಹೆಚ್ಚು ಮೆಗಾಪಿಕ್ಸೆಲ್ಲಿನ ಹೊಸ ಬಾಡಿ ಕೊಳ್ಳಲು ಅಂಗಡಿಯವರು ಹೇಳುತ್ತಾರೆ. ಈಗಿನ ಒಳ್ಳೆಯ ಫೋನೊಂದೇ ಸಾಕೆಂದು ಮಗ ಹೇಳುತ್ತಾನೆ. ಯಾರ ಮಾತು ಕೇಳಲಿ? (ಓದುಗರೊಬ್ಬರು, ಶಿರಸಿ)

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ನಿಮ್ಮ ಬಾಡಿಯನ್ನೇ ಇಟ್ಟುಕೊಂಡು 50 ಮಿ.ಮೀ. ಎಫ್/1.8 ಲೆನ್ಸೊಂದನ್ನು ಕೊಳ್ಳಿ. ಡಿಎಸ್‌ಎಲ್‌ಆರ್ ಲೆನ್ಸುಗಳ ಪೈಕಿ ಅಗ್ಗದವುಗಳಲ್ಲಿ ಅದೂ ಒಂದು.

ರಂಗಸ್ಥಳ ನಮ್ಮ ಕಣ್ಣಿಗೆ ಎಷ್ಟೇ ಝಗಝಗಿಸಿದರೂ ಕ್ಯಾಮೆರಾದ ಪಾಲಿಗೆ ಅದು ಮಬ್ಬು ಜಾಗವೇ. ನಿಮ್ಮ ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಅದರ ಕಿಂಡಿ ಎಫ್/5.6ಕ್ಕಿಂತ ಅಗಲವಾಗಿ ತೆರೆದುಕೊಳ್ಳುವುದಿಲ್ಲ. ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಕಿಂಡಿ ಅಗಲ; ಎಫ್/1.8 ಲೆನ್ಸು ಅದರ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಹಾಗಾಗಿ ಈಗ ಸೆಕೆಂಡಿನ 1/25 ಭಾಗದಷ್ಟು ಹೊತ್ತು ತೆರೆದಿರಬೇಕಾದ ಷಟರ್, ಅದೇ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಅಳತೆ) 1/250ರಲ್ಲೇ ಕೆಲಸ ಮುಗಿಸುತ್ತದೆ. ವೇಷಧಾರಿ ಕೈ ಬೀಸಿದಾಗ 1/25ರಲ್ಲಿ ಸಿಗುವುದು ಮಬ್ಬು ಗೆರೆ ಮಾತ್ರ. 1/250ರಲ್ಲಿ ಬೆರಳುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಮಂಡಿ ಕುಣಿತದ ವೇಗಕ್ಕೆ 1/500 ಬೇಕಾದೀತು, ಆಗ ಐಎಸ್‌ಒವನ್ನು 3200ಕ್ಕೆ ಏರಿಸಲು ಹಿಂಜರಿಯಬೇಡಿ. ಚಿತ್ರ ಸ್ವಲ್ಪ ಕಾಳುಕಾಳಾಗಿ ಬಂದರೂ ನೋಡುವಂತಿರುತ್ತದೆ. ಅಲುಗಿದ ಮುಖವನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂತು ಸರಿಪಡಿಸುವುದು ಕಷ್ಟ.

ಈ ಲೆನ್ಸಿನಲ್ಲಿ ಜೂಮ್ ಇಲ್ಲದ್ದರಿಂದ ಕೂರುವ ಜಾಗವನ್ನು ಲೆಕ್ಕ ಹಾಕಿಕೊಳ್ಳಬೇಕು. ಎಪಿಎಸ್-ಸಿ ಸೆನ್ಸರಿನ (ಹಳೆಯ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದಾದ ಸೆನ್ಸರು) ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ ಐದು ಮೀಟರ್ ದೂರದಲ್ಲಿ ಸುಮಾರು 2.3 ಮೀಟರ್ ಎತ್ತರದ ದೃಶ್ಯ ಚೌಕಟ್ಟಿನೊಳಗೆ ಬರುತ್ತದೆ, ಅಂದರೆ ಗೆಜ್ಜೆಯಿಂದ ಕಿರೀಟದ ತುದಿಯವರೆಗೆ ಒಂದು ಪೂರ್ತಿ ವೇಷ. ಇನ್ನೊಂದು ತೊಡಕು ಹಿನ್ನೆಲೆಯ ಕತ್ತಲೆಯದು. ಅದನ್ನು ಕಂಡ ಕ್ಯಾಮೆರಾ ಇಡೀ ದೃಶ್ಯ ಕಪ್ಪಗಿದೆಯೆಂದು ತಪ್ಪು ತಿಳಿದು ಬೆಳಕು ಹೆಚ್ಚಿಸುತ್ತದೆ, ಮುಖವರ್ಣಿಕೆಯ ಸೂಕ್ಷ್ಮವೆಲ್ಲ ಬೆಳ್ಳಗೆ ಬಳಿದುಹೋಗುತ್ತದೆ. ಎಕ್ಸ್‌ಪೋಷರನ್ನು ಒಂದು ಅಂಕಿ ಕೆಳಗಿಳಿಸಿ ತೆಗೆದು ನೋಡಿ. ಎಲ್ಇಡಿ ದೀಪದಡಿ ಚಿತ್ರದಲ್ಲಿ ಅಡ್ಡಪಟ್ಟಿ ಬಿದ್ದರೆ ಷಟರನ್ನು 1/100ಕ್ಕೆ ಇಳಿಸಿ, ಕುಣಿತ ನಿಂತು ಅರ್ಥಗಾರಿಕೆ ನಡೆಯುವ ಹೊತ್ತಿಗೆ ಕಾಯಿರಿ. ಫ್ಲ್ಯಾಶನ್ನಂತೂ ಹೊರಗೆ ತೆಗೆಯಲೇಬೇಡಿ. ಪದದ ನಡುವೆ ಕಣ್ಣಿಗೆ ಬೆಳಕು ಹೊಡೆಸಿಕೊಂಡ ಕಲಾವಿದರ ಕಷ್ಟ ಮುಂದಿನ ಸಾಲಿನಲ್ಲಿ ಕೂತವರಿಗೆ ಗೊತ್ತಿರುತ್ತದೆ.

ನಿಮ್ಮ ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಫೋನಿನ ನೈಟ್ ಮೋಡ್ ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆದು ಒಟ್ಟುಗೂಡಿಸುವುದರಿಂದ, ದೀಪದ ಬೆಳಕಿನ ಗುಡಿಯಂಥ ಅಲುಗದ ವಸ್ತುವಿಗೆ ಅದು ಬಹಳ ಚೆನ್ನ. ಕುಣಿಯುವವರ ಮುಂದೆ ಅದೇ ಉಪಾಯ ಕೈಕೊಡುತ್ತದೆ. ನಿಮ್ಮದು ನಿಕಾನ್ ಡಿ3000 ಅಥವಾ ಡಿ5000 ಸರಣಿಯ ಬಾಡಿಯಾಗಿದ್ದರೆ ಲೆನ್ಸು ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಆ ಬಾಡಿಗಳಲ್ಲಿ ಫೋಕಸ್ ಮೋಟಾರು ಇಲ್ಲ. ಹಳೆಯ ಡಿ ಮಾದರಿಯ ಲೆನ್ಸು ಅವುಗಳ ಮೇಲೆ ತಾನಾಗಿ ಫೋಕಸ್ ಆಗುವುದಿಲ್ಲ.

ಪ್ರಶ್ನೆ: ಕಳೆದ ಮಳೆಗಾಲ ಮುಗಿದು ಕಪಾಟು ತೆರೆದಾಗ ಕ್ಯಾಮೆರಾ ಲೆನ್ಸಿನೊಳಗೆ ಜೇಡರ ಬಲೆಯಂಥದ್ದು ಕಂಡಿತು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೆಚ್ಚಗಿರುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಇಡಬಹುದೇ? (ಓದುಗರೊಬ್ಬರು, ಸಿದ್ದಾಪುರ)

ಉತ್ತರ: ಅಟ್ಟ ಒಣ ಜಾಗವೆಂಬುದರಲ್ಲಿ ನಿಮ್ಮ ಅತ್ತೆಯವರು ಹೇಳಿದ್ದು ಸರಿಯೇ. ಆದರೆ ಅಡಿಕೆಗೆ ಒಗ್ಗುವ ಹೊಗೆ ಗಾಜಿಗೆ ಒಗ್ಗದು. ಹೊಗೆಯ ಜಿಡ್ಡು ಲೆನ್ಸಿನ ಮೇಲೆ ಕೂತರೆ ಅದೇ ಇನ್ನೊಂದು ರೋಗವಾದೀತು. ನೀವು ಕಂಡದ್ದು ಬೂಷ್ಟು. ಗಾಳಿಯ ತೇವಾಂಶ ಶೇ 60ನ್ನು ದಾಟಿ ವಾರಗಟ್ಟಲೆ ಹಾಗೆಯೇ ಉಳಿದರೆ, ಕತ್ತಲೆಯಲ್ಲಿ ಕೈಮುಟ್ಟದೆ ಬಿದ್ದಿರುವ ಲೆನ್ಸಿನಲ್ಲಿ ಅದು ಬೆಳೆಯುತ್ತದೆ. ನಿರ್ಲಕ್ಷಿಸಿದರೆ ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ, ಆಮೇಲೆ ಒಳಗೆ ಬಿಚ್ಚಿ ಒರೆಸಿದರೂ ಕಲೆ ಹೋಗುವುದಿಲ್ಲ. ಚರ್ಮದ ಚೀಲದೊಳಗೆ ಜೋಪಾನವಾಗಿಟ್ಟೇ ನಾನೊಂದು ಲೆನ್ಸನ್ನು ಹೀಗೆ ಕಳೆದುಕೊಂಡಿದ್ದೇನೆ. ಚರ್ಮ ತೇವವನ್ನು ಹಿಡಿದಿಡುತ್ತದೆಂದು ಆಗ ನನಗೆ ತಿಳಿದಿರಲಿಲ್ಲ.

ಬೂಷ್ಟು ಬಂದ ಲೆನ್ಸನ್ನು ಮೊದಲು ಬೇರೆಯವುಗಳಿಂದ ದೂರವಿಡಿ, ಬೇಗ ರಿಪೇರಿಯವರಿಗೆ ಕೊಡಿ. ಮುಂದಿನ ಜೂನ್ ಬರುವುದರೊಳಗೆ ರಬ್ಬರಿನ ಅಂಚಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಚಿಕ್ಕ ತೇವಾಂಶ ಮಾಪಕ ಮತ್ತು ಸಿಲಿಕಾ ಜೆಲ್ ಕೊಂಡಿಡಿ. ಮಾಪಕದ ಮುಳ್ಳು 40ರಿಂದ 50ರ ನಡುವೆ ನಿಂತರೆ ಸಾಕು. 30ಕ್ಕಿಂತ ಕೆಳಗಿಳಿಸಿದರೆ ಲೆನ್ಸಿನೊಳಗಿನ ಎಣ್ಣೆಪಸೆಗೆ ತೊಂದರೆ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ಅದರ ಹೊಟ್ಟೆ ತುಂಬಿತೆಂದು ಅರ್ಥ. ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ, ಆದರೆ ಆ ಬಣ್ಣದ ಕೋಬಾಲ್ಟ್ ಲವಣ ವಿಷಕಾರಿಯಾದ್ದರಿಂದ ಅಡುಗೆಯ ಬಾಣಲೆ ಮಾತ್ರ ಬೇಡ, ಅದಕ್ಕೆಂದೇ ಒಂದು ಹಳೆಯ ಪಾತ್ರೆಯನ್ನು ಬೇರೆ ಇಟ್ಟುಕೊಳ್ಳಿ. ಸೀರೆಗಳ ನಡುವೆ ಇಡುವ ನುಸಿಗುಳಿಗೆ, ಕರ್ಪೂರಗಳನ್ನು ಈ ಡಬ್ಬಿಯ ಹತ್ತಿರ ತರಬೇಡಿ. ಎಲ್ಲಕ್ಕಿಂತ ಸುಲಭದ ಮದ್ದೆಂದರೆ ಹೊಳವಾದ ದಿನ ಕ್ಯಾಮೆರಾವನ್ನು ಹೊರಗೆ ತೆಗೆದು ನಾಲ್ಕು ಚಿತ್ರ ತೆಗೆಯುವುದು.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲವೆಂದು 10,000 ಎಂಎಎಚ್ ಪವರ್ ಬ್ಯಾಂಕ್ ಕೊಂಡೆ. ನನ್ನ 5,000 ಎಂಎಎಚ್ ಫೋನಿಗೆ ಎರಡು ಸಲ ಸಾಲಬೇಕಲ್ಲ, ಒಂದೂಕಾಲು ಸಲಕ್ಕೇ ಮುಗಿಯುತ್ತದೆ. ಮೋಸ ಹೋದೆನೇ? (ಓದುಗರೊಬ್ಬರು, ಯಲ್ಲಾಪುರ)

ಉತ್ತರ: ಇಲ್ಲ. 10,000 ಎಂಬುದು ಒಳಗಿನ ಬ್ಯಾಟರಿಯ 3.7 ವೋಲ್ಟಿನ ಲೆಕ್ಕ. ಅದು 5 ವೋಲ್ಟಿಗೆ ಏರಿ, ಫೋನಿನೊಳಗೆ ಮತ್ತೆ ಇಳಿಯುವಾಗ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಕೈಗೆ ಸಿಗುವುದು ಸುಮಾರು ಆರು ಸಾವಿರ. ಪವರ್ ಬ್ಯಾಂಕಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ‘ರೇಟೆಡ್ ಕೆಪಾಸಿಟಿ’ ಎಂದು ಬೇರೊಂದು ಅಂಕಿಯಿರುತ್ತದೆ, ಎರಡು ದಿನದ ಲೆಕ್ಕ ಹಾಕುವಾಗ ಅದನ್ನೇ ನೋಡಿ.